ಬಳ್ಳಾರಿಯಲ್ಲಿ ಆಡದ ಬಳ್ಳಾರಿ ತಂಡ



2019ರ ಆಗಸ್ಟ್ 23. ಶ್ರಾವಣದ ಶುಕ್ರವಾರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬಳ್ಳಾರಿ ಟಸ್ಕರ್ಸ್ ತಂಡಕ್ಕೂ ಶಿವಮೊಗ್ಗ ಲಯನ್ಸ್ ತಂಡಕ್ಕೂ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯ. ಮಳೆ ಬಂದದ್ದರಿಂದ ಆಟವನ್ನು 17 ಓವರಿಗೆ ಇಳಿಸಿದ್ದರು. ಬಳ್ಳಾರಿಯ ಪರ ಬ್ಯಾಟ್ ಹಿಡಿದು ಬಂದ ಕೃಷ್ಣಪ್ಪ ಗೌತಮ್ 39 ಎಸೆತದಲ್ಲಿ ನೂರು ಮುಟ್ಟಿದರು. 56 ಎಸೆತ ಆಡಿ ಮುಗಿಸುವ ಹೊತ್ತಿಗೆ 134 ರನ್, ಅದರಲ್ಲಿ 13 ಸಿಕ್ಸರ್. ಔಟಾಗಲೇ ಇಲ್ಲ. ಅಷ್ಟು ಸಾಲದೆಂಬಂತೆ ಆಮೇಲೆ ನಾಲ್ಕು ಓವರ್ ಬೌಲ್ ಮಾಡಿ, 15 ರನ್ ಕೊಟ್ಟು, ಎಂಟು ವಿಕೆಟ್ ಕಿತ್ತರು. ಬಳ್ಳಾರಿ 70 ರನ್ನಿನಿಂದ ಗೆದ್ದಿತು.

ಇಪ್ಪತ್ತು ಓವರಿನ ಆಟದಲ್ಲಿ ಅಲ್ಲಿಯವರೆಗಿನ ಶ್ರೇಷ್ಠ ಬೌಲಿಂಗ್ ಎಂದು ಲೆಕ್ಕದಲ್ಲಿದ್ದದ್ದು 18 ರನ್ನಿಗೆ ಏಳು ವಿಕೆಟ್. ಅದೇ ತಿಂಗಳ 7ರಂದು ಇಂಗ್ಲೆಂಡಿನಲ್ಲಿ ಲೆಸ್ಟರ್‌ಶೈರ್ ತಂಡದ ಕಾಲಿನ್ ಅಕರ್‌ಮನ್ ಅದನ್ನು ಸಾಧಿಸಿದ್ದರು. ಗೌತಮ್ ಅವರ ಎಂಟು ವಿಕೆಟ್ ಅದನ್ನು ಮೀರಿಸಿತು. ಆದರೂ ದಾಖಲೆಯ ಪುಸ್ತಕಕ್ಕೆ ಸೇರಲಿಲ್ಲ. ರಾಜ್ಯದ ಒಳಗೆ ನಡೆಯುವ ಇಂಥ ಲೀಗಿಗೆ ಅಧಿಕೃತ ಟಿ20 ಎಂಬ ಮಾನ್ಯತೆ ಇರಲಿಲ್ಲ.

ಹೀಗೆ ಬಳ್ಳಾರಿಯ ಹೆಸರಿನಲ್ಲಿ ನಡೆದ ಅತಿ ದೊಡ್ಡ ಆಟವನ್ನು ದಾಖಲೆ ಬರೆದುಕೊಳ್ಳಲಿಲ್ಲ, ಬಳ್ಳಾರಿಯ ಜನ ಮೈದಾನದಲ್ಲಿ ಕೂತು ನೋಡಲಿಲ್ಲ. ದಾಖಲೆಯ ಮಾತು ಬಿಡಿ, ಅಂಕಿಸಂಖ್ಯೆ ನೋಡಿಕೊಳ್ಳುವವರು ಅದರ ಚಿಂತೆ ಮಾಡಲಿ. ನನ್ನ ಸಂಕಟ ಎರಡನೆಯದರದು. ಒಂದು ಊರಿನ ಹೆಸರನ್ನು ಎದೆಯ ಮೇಲೆ ಬರೆದುಕೊಂಡ ತಂಡ ವರ್ಷಗಟ್ಟಲೆ ಆಡಿತು, ಕಪ್ ಗೆದ್ದಿತು, ಫೈನಲ್ ಸೋತಿತು, ಮಾಯವಾಯಿತು. ಅಷ್ಟೂ ಕಾಲ ಆ ಊರಿನ ನೆಲದ ಮೇಲೆ ಒಂದೂ ಲೀಗ್ ಪಂದ್ಯ ಆಡಲಿಲ್ಲ. ಇವತ್ತು ಆ ತಂಡದ ಕಥೆ ಹೇಳುತ್ತೇನೆ.

ಆದೋನಿಯವನಾದ ನನಗೆ ಬಳ್ಳಾರಿಯ ತಂಡದ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಹಿರಿಯರು ಕೇಳುವುದಿಲ್ಲ, ಅವರಿಗೆ ಗೊತ್ತು. 1953ರ ಅಕ್ಟೋಬರ್ 1ರವರೆಗೆ ನಾವು ಬಳ್ಳಾರಿ ಜಿಲ್ಲೆಯವರೇ. ಮದ್ರಾಸ್ ರಾಜ್ಯ ಒಡೆದು ಆಂಧ್ರ ರಾಜ್ಯವಾದ ಆ ದಿನ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಆದೋನಿ, ಆಲೂರು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೈಸೂರಿಗೆ ಹೋದವು. ಗೆರೆ ಎಳೆದದ್ದು ಕಾಗದದ ಮೇಲೆ. ಆಲೂರು ದಾಟಿ ಹಗರಿ ಹೊಳೆಯ ಕಡೆ ಹೋಗುವ ರಸ್ತೆ ಹಾಗೇ ಉಳಿಯಿತು. ದೊಡ್ಡಾಸ್ಪತ್ರೆಗೆ, ಬಟ್ಟೆ ಬಂಗಾರಕ್ಕೆ, ಬೀಗತನಕ್ಕೆ ನಾವು ಇಂದಿಗೂ ಬಳ್ಳಾರಿಗೆ ಹೋಗುತ್ತೇವೆ. ಕೌತಾಳ, ಹೊಳಗುಂದ, ಹಾಲಹರವಿ ಕಡೆಯ ಮನೆಗಳಲ್ಲಿ ಇನ್ನೂ ಕನ್ನಡವೇ ಮಾತು. ಕನ್ನಡ ಶಾಲೆಗಳೂ ಇವೆ.

ಆ ಗೆರೆ ಕ್ರಿಕೆಟ್ಟನ್ನೂ ಎರಡು ಮಾಡಿತು ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಮೊದಲು ಈ ಭಾಗದ ಹುಡುಗ ರಣಜಿ ಆಡಬೇಕೆಂದರೆ ಮದ್ರಾಸಿನ ಕದ ತಟ್ಟಬೇಕಿತ್ತು. 1953-54ರ ಋತುವಿನಲ್ಲಿ ಆಂಧ್ರ ತನ್ನದೇ ರಣಜಿ ತಂಡ ಕಟ್ಟಿತು. ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಅದನ್ನು ಮುನ್ನಡೆಸಿದರು. ಆಗ ಅವರ ವಯಸ್ಸು 58! ಅಂದಿನಿಂದ ಸಿರುಗುಪ್ಪದ ಹುಡುಗನ ದಾರಿ ಬೆಂಗಳೂರಿಗೆ, ಅಲ್ಲಿಂದ ಕೂಗಳತೆಯಲ್ಲಿರುವ ಹೊಳಗುಂದದ ಹುಡುಗನ ದಾರಿ ಆಂಧ್ರದ ಕರಾವಳಿಗೆ. ಇಬ್ಬರಿಗೂ ಆ ಊರುಗಳು ದೂರ. ಇಬ್ಬರೂ ದಾರಿಯ ಕೊನೆ ಮುಟ್ಟಿದ್ದು ಅಪರೂಪ.

ಈಗ ಲೀಗಿನ ಕಡೆ ಬರೋಣ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭಿಸಿತು. ಮೊದಲ ಸಾಲಿನಲ್ಲಿ ಮಂಗಳೂರು, ಬೆಳಗಾವಿ, ಬಿಜಾಪುರ, ದಾವಣಗೆರೆ, ಮೈಸೂರು ಇವುಗಳ ಹೆಸರಿನ ತಂಡಗಳಿದ್ದವು; ಬಳ್ಳಾರಿ ಇರಲಿಲ್ಲ. ಎರಡು ಋತು ನಡೆದು ನಿಂತ ಲೀಗ್ 2014ರಲ್ಲಿ ಮತ್ತೆ ಶುರುವಾದಾಗ ಬಳ್ಳಾರಿ ಟಸ್ಕರ್ಸ್ ಬಂದಿತು. ಎರಡೇ ವರ್ಷ ಕಳೆದು 2016ರಲ್ಲಿ ಕಪ್ ಎತ್ತಿತು. ಹುಬ್ಬಳ್ಳಿ, ಮೈಸೂರು, ಬಿಜಾಪುರ ಎಂಬ ಹೆಸರುಗಳ ಪಕ್ಕದಲ್ಲಿ ಬಳ್ಳಾರಿ ಎಂಬ ಹೆಸರು ಟಿವಿ ಪರದೆಯ ಮೇಲೆ ಮೂಡಿದಾಗ ಗಡಿಯ ಈಚೆಗಿದ್ದ ನಮಗೂ ಎದೆ ಉಬ್ಬಿತು. ಗಣಿ, ಧೂಳು, ರಾಜಕೀಯ, ಬಿಸಿಲು ಇವನ್ನು ಬಿಟ್ಟು ಬೇರೊಂದು ಕಾರಣಕ್ಕೆ ಬಳ್ಳಾರಿಯ ಹೆಸರು ಕೇಳಿಬರುತ್ತಿತ್ತಲ್ಲ, ಅದೇ ದೊಡ್ಡದು.

ಪಂದ್ಯಗಳು ಮಾತ್ರ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೇ ನಡೆದವು. ಇದಕ್ಕೆ ಕಾರಣಗಳಿವೆ, ಸುಳ್ಳು ಕಾರಣಗಳಲ್ಲ. ರಾತ್ರಿ ಆಟಕ್ಕೆ ಹೊನಲು ಬೆಳಕಿನ ಕಂಬ ಬೇಕು, ಟಿವಿಯವರ ಕ್ಯಾಮೆರಾಗಳಿಗೆ ಜಾಗ ಬೇಕು, ಮಳೆ ನಿಂತ ಅರ್ಧ ಗಂಟೆಯಲ್ಲಿ ಒಣಗುವ ಮೈದಾನ ಬೇಕು, ಅಷ್ಟೂ ತಂಡಗಳು ಇಳಿದುಕೊಳ್ಳಲು ಹೋಟೆಲು ಬೇಕು. ಬಳ್ಳಾರಿಯಲ್ಲಿ ಇವೆಲ್ಲ ಒಟ್ಟಿಗೆ ಇರಲಿಲ್ಲ. ಆದರೆ ಇಲ್ಲದ್ದನ್ನು ಕಟ್ಟಲು ಆ ಲೀಗೇ ನೆಪವಾಗಬಹುದಿತ್ತು. 2014ರಿಂದ 2019ರವರೆಗೆ ಆರು ಋತು ಸಿಕ್ಕವು. ಒಂದು ಊರು ಮೈದಾನ ಕಟ್ಟಿಕೊಳ್ಳಲು ಅದು ಕಡಿಮೆ ಸಮಯವಲ್ಲ.

ಊರಿನ ತಂಡ ಅಂದರೆ ಏನೆಂದು ನಮ್ಮ ಹಳ್ಳಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಕ್ರಾಂತಿಗೆ, ಯುಗಾದಿಗೆ, ಜಾತ್ರೆಗೆ ಟೆನಿಸ್ ಬಾಲ್ ಟೂರ್ನಿಗಳು ನಡೆಯುತ್ತವೆ. ಒಂದು ಕಡೆ ಎತ್ತುಗಳಿಂದ ಬಂಡೆ ಎಳೆಸುವ ಪಂದ್ಯ, ಇನ್ನೊಂದು ಕಡೆ ಬಯಲಿನಲ್ಲಿ ಸುಣ್ಣದ ಗೆರೆ ಹಾಕಿ ಕ್ರಿಕೆಟ್. ತಂಡದ ಹೆಸರೇ ಊರಿನ ಹೆಸರು. ಅಂಗಡಿಯವರು ಬ್ಯಾಟು ಕೊಡಿಸುತ್ತಾರೆ, ಟ್ರ್ಯಾಕ್ಟರ್ ಇದ್ದವರು ಟ್ರ್ಯಾಲಿಯಲ್ಲಿ ಹುಡುಗರನ್ನು ತುಂಬಿಕೊಂಡು ಪಕ್ಕದ ಊರಿಗೆ ಹೊರಡುತ್ತಾರೆ. ಗೆದ್ದು ಬಂದರೆ ಹಲಗೆ ಬಾರಿಸಿಕೊಂಡು ಓಣಿ ಸುತ್ತುತ್ತಾರೆ. ಸೋತರೆ ಕ್ಯಾಚು ಬಿಟ್ಟವನಿಗೆ ವಾರಗಟ್ಟಲೆ ಚಹಾ ಅಂಗಡಿಯ ಮುಂದೆ ಹಾಯಲು ಆಗುವುದಿಲ್ಲ. ಬೈಯುವವರೂ ಅವರೇ, ಮುಂದಿನ ಪಂದ್ಯಕ್ಕೆ ಚಂದಾ ಕೊಡುವವರೂ ಅವರೇ.

ಈ ತಂಡಗಳನ್ನು ಮುರಿಯುವುದು ಸೋಲಲ್ಲ, ಗುಳೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ, ಪೆದ್ದಕಡಬೂರು ಕಡೆಯ ಮನೆಗಳಿಗೆ ಬೀಗ ಬೀಳುತ್ತದೆ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾರೆ. ಹನ್ನೊಂದು ಜನರ ತಂಡದಲ್ಲಿ ಓಪನರ್ ಹೋದ, ಕೀಪರ್ ಹೋದ, ಉಳಿದವರನ್ನು ಕೂಡಿಸಿದರೆ ತಂಡವಾಗುವುದಿಲ್ಲ. ನಮ್ಮ ಭಾಗದ ಕ್ರೀಡೆಯ ಬಗ್ಗೆ ಯಾರು ಏನೇ ಯೋಜನೆ ಹಾಕಲಿ, ಗುಳೆಯ ತಿಂಗಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಪಟ್ಟಣದ ಮಕ್ಕಳ ಯೋಜನೆಯಾಗುತ್ತದೆ. ವಸತಿ ಶಾಲೆಯಲ್ಲಿ ಮೈದಾನ, ಅಲ್ಲೇ ಊಟ, ಅಲ್ಲೇ ಕೋಚು, ಇಷ್ಟಿದ್ದರೆ ತಂದೆತಾಯಿ ಗುಂಟೂರಿನಲ್ಲಿದ್ದಾಗಲೂ ಹುಡುಗನ ಆಟ ನಿಲ್ಲುವುದಿಲ್ಲ.

ಇಲ್ಲಿ ಸ್ವಲ್ಪ ದೂರದ ಒಂದು ಊರಿನ ಕಥೆ ಹೇಳಬೇಕು. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಪಾಟಕೆಟ್ ಎಂಬ ಪಟ್ಟಣವಿದೆ. ನಮ್ಮ ಆದೋನಿಯ ಅರ್ಧದಷ್ಟೂ ಜನ ಅಲ್ಲಿಲ್ಲ. ಆದೋನಿಗೆ ಹತ್ತಿ ಹೇಗೋ ಪಾಟಕೆಟ್ಟಿಗೂ ಹತ್ತಿ ಹಾಗೆ. 1793ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಅಲ್ಲಿ ನದಿಯ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಕಟ್ಟಿದರು. ಆ ದೇಶದ ಗಿರಣಿ ಉದ್ಯಮ ಅಲ್ಲಿಂದ ಬೆಳೆಯಿತು. ಕಾಲ ಸರಿದಂತೆ ಗಿರಣಿಗಳು ಮುಚ್ಚಿದವು. ಊರಿಗೆ ಉಳಿದ ಹೆಮ್ಮೆಗಳಲ್ಲಿ ಒಂದು ಬೇಸ್‌ಬಾಲ್ ತಂಡ. ಬೇಸ್‌ಬಾಲ್ ಅಲ್ಲಿ ನಮ್ಮ ಕ್ರಿಕೆಟ್ ಇದ್ದಂತೆ. ದೊಡ್ಡ ನಗರಗಳಿಗೆ ದೊಡ್ಡ ಲೀಗು. ಅದರ ಕೆಳಗೆ ಸಣ್ಣ ಊರುಗಳಿಗೆ ಮೈನರ್ ಲೀಗು. ಹುಡುಗರು ಸಣ್ಣ ಊರಲ್ಲಿ ಆಡಿ ಪಳಗಿ ಮೇಲೆ ಹೋಗುತ್ತಾರೆ. ಬಾಸ್ಟನ್ ತಂಡಕ್ಕೆ ಆಟಗಾರರನ್ನು ತಯಾರು ಮಾಡುತ್ತಿದ್ದದ್ದು ಈ ಪಾಟಕೆಟ್ ರೆಡ್ ಸಾಕ್ಸ್.

1981ರ ಏಪ್ರಿಲ್ 18ರ ರಾತ್ರಿ ಆ ಊರಿನ ಮೆಕಾಯ್ ಮೈದಾನದಲ್ಲಿ ರೋಚೆಸ್ಟರ್ ತಂಡದೊಡನೆ ಪಂದ್ಯ. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸಿಗೆ ಆಟ ಮುಗಿಯಬೇಕು, ಸಮವಾದರೆ ಮುಂದುವರಿಯುತ್ತದೆ. ಅವತ್ತು ಮುಂದುವರಿಯುತ್ತಲೇ ಹೋಯಿತು. ಚಳಿಗಾಳಿ. ನಡುರಾತ್ರಿ ಕಳೆಯಿತು, ಈಸ್ಟರ್ ಹಬ್ಬದ ಬೆಳಗಿನ ಜಾವ ಬಂತು. 4 ಗಂಟೆ 7 ನಿಮಿಷಕ್ಕೆ, 32 ಇನ್ನಿಂಗ್ಸ್ ಆದ ಮೇಲೆ, ಆಟ ನಿಲ್ಲಿಸಿದರು. ಆಗ ಮೈದಾನದಲ್ಲಿ ಉಳಿದಿದ್ದ ಪ್ರೇಕ್ಷಕರು 19 ಮಂದಿ. ಜೂನ್ 23ರಂದು ಮತ್ತೆ ಸೇರಿ 33ನೆಯ ಇನ್ನಿಂಗ್ಸ್ ಆಡಿದಾಗ ಪಾಟಕೆಟ್ 3-2ರಿಂದ ಗೆದ್ದಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಉದ್ದದ ಪಂದ್ಯ ನಡೆದಿಲ್ಲ. ಅವತ್ತು ಆಡಿದವರಲ್ಲಿ ವೇಡ್ ಬಾಗ್ಸ್, ಕ್ಯಾಲ್ ರಿಪ್ಕಿನ್ ಇಬ್ಬರೂ ಮುಂದೆ ಆ ಆಟದ ದೊಡ್ಡ ಹೆಸರುಗಳಾದರು. ನನಗೆ ಅವರಿಬ್ಬರಿಗಿಂತ ಆ 19 ಮಂದಿಯ ಮೇಲೆ ಅಭಿಮಾನ. ಊರಿನ ಮೈದಾನ, ತಮ್ಮದೇ ತಂಡ. ಅದಕ್ಕೇ ಕೂತರು.

ಆ ಊರೂ ಕೊನೆಗೆ ತಂಡವನ್ನು ಕಳೆದುಕೊಂಡಿತು. 2021ರಿಂದ ತಂಡ ವೂಸ್ಟರ್ ಎಂಬ ಬೇರೆ ಊರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಪಾಟಕೆಟ್‌ನ ಕೊನೆಯ ಋತು 2020ರದು. ಕೊರೊನಾ ಬಂದು ಅದೂ ನಡೆಯಲಿಲ್ಲ. ಆ ಬೇಸಿಗೆಯಲ್ಲಿ ತಂಡದವರು ಮೈದಾನದ ಹುಲ್ಲಿನ ಮೇಲೆ ಮೇಜು ಹಾಕಿ ಊಟಕ್ಕೆ ಬಂದು ಕೂರಿ ಎಂದರು. ಊರಿನವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು, ತಾವು ಎಷ್ಟೋ ವರ್ಷ ಮೆಟ್ಟಿಲ ಮೇಲೆ ಕೂತು ನೋಡಿದ್ದ ಅಂಗಳದ ನಡುವೆ ಊಟ ಮಾಡಿದರು. ಅದೇ ವರ್ಷದ ಕೊನೆಗೆ ದೊಡ್ಡ ಲೀಗಿನವರು ತಮ್ಮ ಕೈಕೆಳಗಿನ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದರು. ನಲವತ್ತಕ್ಕೂ ಹೆಚ್ಚು ಊರುಗಳಿಗೆ ಆ ಆಸರೆ ತಪ್ಪಿತು. ಅಲ್ಲಿನವರು ಅತ್ತರು, ಸಭೆ ಮಾಡಿದರು, ಕೆಲವು ಊರುಗಳು ಬೇರೆ ಲೀಗು ಹುಡುಕಿಕೊಂಡವು. ಕಳೆದುಕೊಂಡದ್ದು ಏನೆಂದು ಅವರಿಗೆ ಗೊತ್ತಿತ್ತು.

ಬಳ್ಳಾರಿಯ ತಂಡ ಹೋದ ಬಗೆಯೇ ಬೇರೆ. ಗೌತಮ್ ಎಂಟು ವಿಕೆಟ್ ಕಿತ್ತ ಎಂಟನೆಯ ದಿನ, ಆಗಸ್ಟ್ 31ರಂದು, ಮೈಸೂರಿನಲ್ಲಿ ಫೈನಲ್. ಹುಬ್ಬಳ್ಳಿ ಟೈಗರ್ಸ್ ಎದುರು ಬಳ್ಳಾರಿ 8 ರನ್ನಿನಿಂದ ಸೋತಿತು. ಎರಡು ತಿಂಗಳ ಮೇಲೆ, ನವೆಂಬರಿನಲ್ಲಿ, ಬೆಂಗಳೂರಿನ ಸಿಸಿಬಿ ಪೊಲೀಸರು ಆ ತಂಡದ ಇಬ್ಬರು ಆಟಗಾರರನ್ನು ಬಂಧಿಸಿದರು. ಫೈನಲ್‌ನಲ್ಲಿ ಬೇಕೆಂದೇ ನಿಧಾನವಾಗಿ ಆಡಲು ಹಣ ಪಡೆದರು ಎಂಬ ಆರೋಪ. ಅಷ್ಟರೊಳಗೆ ಇನ್ನೊಂದು ತಂಡದ ಮಾಲೀಕರ ಬಂಧನವೂ ಆಗಿತ್ತು. ಮುಂದೆ 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಈ ಪ್ರಕರಣವನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಭಾರತೀಯ ದಂಡಸಂಹಿತೆಯ ವಂಚನೆಯ ಕಲಮಿನ ಅಡಿ ಬರುವುದಿಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂಬುದು ತೀರ್ಪಿನ ಸಾರ. ಆಪಾದನೆ ಹೊತ್ತವರ ಮೇಲಿನ ಮೊಕದ್ದಮೆ ಅಲ್ಲಿಗೆ ಮುಗಿಯಿತು. ಅವರ ಬಗ್ಗೆ ನಾನು ಬೇರೆ ತೀರ್ಪು ಕೊಡುವುದಿಲ್ಲ.

ಲೀಗು ಮಾತ್ರ ಏಳಲಿಲ್ಲ. 2022ರಲ್ಲಿ ಕ್ರಿಕೆಟ್ ಸಂಸ್ಥೆ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಆರು ತಂಡಗಳ ಟೂರ್ನಿ ಆರಂಭಿಸಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ. ಬಳ್ಳಾರಿಯ ಹೆಸರಿಲ್ಲ. ಬಿಜಾಪುರ, ಬೆಳಗಾವಿಗಳ ಹೆಸರೂ ಇಲ್ಲ. ಬಳ್ಳಾರಿಯಲ್ಲಿ ಯಾರೂ ಬೀದಿಗಿಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಬಾಗಿಲು ಮುಚ್ಚಿದ ಕ್ರೀಡಾಂಗಣ ಅಲ್ಲಿರಲಿಲ್ಲ, ಕೆಲಸ ಕಳೆದುಕೊಂಡ ಮೈದಾನದ ಮಾಲಿ ಇರಲಿಲ್ಲ, ಖಾಲಿಯಾದ ಕಡಲೆಕಾಯಿ ಬಂಡಿ ಇರಲಿಲ್ಲ. ಪಾಟಕೆಟ್‌ನವರಿಗೆ ಊಟಕ್ಕೆ ಕೂರಲು ಹುಲ್ಲಾದರೂ ಇತ್ತು. ಹಗರಣದ ಸುದ್ದಿ ಬಂದಾಗಲೂ ಊರು ತನ್ನ ತಂಡವನ್ನು ಕರೆದು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಮ್ಮ ಹಳ್ಳಿಯ ಟೂರ್ನಿಯಲ್ಲಿ ಒಬ್ಬ ಬೇಕೆಂದೇ ಕೆಟ್ಟ ಆಟ ಆಡಿದರೆ ಸಂಜೆಯೊಳಗೆ ಕಟ್ಟೆಯ ಮೇಲೆ ಅವನ ವಿಚಾರಣೆ ಆಗುತ್ತದೆ. ನೋಡುವ ಕಣ್ಣುಗಳು ಹತ್ತಿರವಿದ್ದರೆ ಆಟ ಶುದ್ಧವಾಗಿರುತ್ತದೆ ಎಂದು ನಾನು ಪೂರ್ತಿ ನಂಬಿದ್ದೇನೆ. ದೂರದ ಊರಿನಲ್ಲಿ, ಹೆಸರಿಗೆ ಸಂಬಂಧವಿಲ್ಲದ ಪ್ರೇಕ್ಷಕರ ಮುಂದೆ, ಬಾಜಿಯವರ ಫೋನಿನ ನೆರಳಿನಲ್ಲಿ ಆಡುವ ತಂಡವನ್ನು ಕಾಯುವವರು ಯಾರು?

ಇನ್ನು, ತಂಡವಿಲ್ಲದೆಯೂ ಮೈದಾನ ಪಡೆದ ಅನಂತಪುರದ ಮಾತು. ಅದೂ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯದೇ. 1882ರಲ್ಲಿ ಬೇರೆ ಜಿಲ್ಲೆಯಾಯಿತು. ಮಳೆಯಿಲ್ಲದ ಆ ಸೀಮೆಗೆ ಸ್ಪೇನ್ ದೇಶದ ವಿನ್ಸೆಂಟ್ ಫೆರರ್ 1969ರಲ್ಲಿ ಬಂದು ಗ್ರಾಮೀಣ ಅಭಿವೃದ್ಧಿ ಟ್ರಸ್ಟ್ ಕಟ್ಟಿದರು. ಎಲ್ಲರೂ ಅದನ್ನು ಆರ್‌ಡಿಟಿ ಎನ್ನುತ್ತಾರೆ. ಬಾವಿ, ಶಾಲೆ, ಆಸ್ಪತ್ರೆಗಳ ಜೊತೆಗೆ ಅವರು ಆಟದ ಮೈದಾನವನ್ನೂ ಮಕ್ಕಳ ಹಕ್ಕೆಂದು ತಿಳಿದರು. ಟೆನಿಸ್ ಆಟಗಾರ ರಫೆಲ್ ನಡಾಲ್ 2010ರಲ್ಲಿ ಅಲ್ಲಿ ಬಡ ಮಕ್ಕಳಿಗಾಗಿ ಟೆನಿಸ್ ಶಾಲೆ ತೆರೆದರು. ಅನಂತಪುರದ ಹೆಸರಿನಲ್ಲಿ ದೊಡ್ಡ ಲೀಗಿನ ತಂಡವಿಲ್ಲ, ಮಾಲೀಕರಿಲ್ಲ, ಹರಾಜಿಲ್ಲ. ಆದರೆ ಹಸಿರಾದ, ಒಳ್ಳೆಯ ಪಿಚ್ ಇರುವ ಮೈದಾನವಿದೆ. 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಆರು ಪಂದ್ಯಗಳಲ್ಲಿ ಐದು ಅಲ್ಲೇ ನಡೆದವು. ಶ್ರೇಯಸ್ ಅಯ್ಯರ್, ಋತುರಾಜ್ ಗಾಯಕವಾಡ್ ಅಂಥವರನ್ನು ನೋಡಲು ಸುತ್ತಲಿನ ಹಳ್ಳಿಗಳ ಜನ ನಾಲ್ಕು ದಿನದ ಆಟಕ್ಕೆ ಬಂದು ಕೂತರು. ದೊಡ್ಡ ನಗರಗಳಲ್ಲಿ ಇಂಥ ಪಂದ್ಯಕ್ಕೆ ಕುರ್ಚಿಗಳೇ ಪ್ರೇಕ್ಷಕರು. ಕಪ್ ಗೆದ್ದ ಇಂಡಿಯಾ ಎ ತಂಡಕ್ಕೆ ಕೊನೆಯಲ್ಲಿ ನಾಯಕನಾಗಿದ್ದವರು ಕರ್ನಾಟಕದ ಮಯಂಕ್ ಅಗರ್ವಾಲ್.

ಅದೇ ಟೂರ್ನಿಯಲ್ಲಿ ಇಂಡಿಯಾ ಡಿ ಪರ ಎಡಗೈ ಬ್ಯಾಟರ್ ದೇವದತ್ತ ಪಡಿಕ್ಕಲ್ ಆಡಿದರು. ಹದಿಹರೆಯದಲ್ಲಿ ಬಳ್ಳಾರಿ ಟಸ್ಕರ್ಸ್ ಅಂಗಿ ತೊಟ್ಟು ಮೊದಲು ಗಮನ ಸೆಳೆದ ಹುಡುಗ ಅವರು. 2024ರ ಮಾರ್ಚಿನಲ್ಲಿ ಧರ್ಮಶಾಲಾದಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿ 65 ರನ್ ಹೊಡೆದಿದ್ದರು. ಅನಂತಪುರದಲ್ಲಿ ಇಂಡಿಯಾ ಎ ಎದುರು 92 ರನ್ ಮಾಡಿದರು. ಬಳ್ಳಾರಿಯ ಹೆಸರು ಹೊತ್ತು ಆಡಿದ್ದ ಆಟಗಾರನನ್ನು ಹಳೆಯ ಬಳ್ಳಾರಿ ಜಿಲ್ಲೆಯ ಜನ ಹತ್ತಿರದಿಂದ ನೋಡಿದ್ದು ಹೀಗೆ, ಗಡಿಯ ಈಚೆ, ಒಂದು ಟ್ರಸ್ಟಿನ ಮೈದಾನದಲ್ಲಿ. ಬಳ್ಳಾರಿಯಲ್ಲೂ ಇದು ಸಾಧ್ಯವಿತ್ತು. ಹಣವಿಲ್ಲದ ಜಿಲ್ಲೆಯಲ್ಲ ಅದು. ತೋರಣಗಲ್ಲಿನ ಬಳಿ ವಿಜಯನಗರದಲ್ಲಿ ಜಿಂದಾಲ್‌ನವರು 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ತೆರೆದಿದ್ದಾರೆ. ನೀರಜ್ ಚೋಪ್ರಾ ಅಂಥವರೇ ಅಲ್ಲಿ ತರಬೇತಿ ಪಡೆದಿದ್ದಾರೆ. ಕುಸ್ತಿ, ಬಾಕ್ಸಿಂಗ್, ಓಟಕ್ಕೆ ಅಷ್ಟು ಮಾಡಬಲ್ಲ ನೆಲ ಕ್ರಿಕೆಟ್ಟಿಗೆ ಒಂದು ಅಂಗಳ ಕೊಡಲಾರದೆ?

ಜನ ಬರುತ್ತಾರೋ ಇಲ್ಲವೋ ಎಂಬ ಅನುಮಾನ ಯಾರಿಗೂ ಬೇಡ. ಶ್ರಾವಣದಲ್ಲಿ ಉರುಕುಂದಿ ಈರಣ್ಣನ ಜಾತ್ರೆಗೆ, ವಿಜಯದಶಮಿಯ ರಾತ್ರಿ ದೇವರಗಟ್ಟಕ್ಕೆ ಎರಡೂ ರಾಜ್ಯದಿಂದ ಬರುವ ಜನಸಾಗರ ನೋಡಿದವರಿಗೆ ಆ ಅನುಮಾನ ಬರುವುದಿಲ್ಲ. ಲೀಗಿನ ಪಂದ್ಯಗಳೂ ಶ್ರಾವಣ ಭಾದ್ರಪದಗಳಲ್ಲೇ ಬರುತ್ತವೆ. ಆಗ ಹತ್ತಿ ಗಿಡ ಹೊಲದಲ್ಲಿರುತ್ತದೆ, ಬಿಡಿಸುವ ಕೆಲಸ ಶುರುವಾಗಿರುವುದಿಲ್ಲ, ಗುಳೆ ಹೋಗುವ ಹೊತ್ತೂ ಅದಲ್ಲ. ಹುಡುಗರು ಊರಲ್ಲಿರುತ್ತಾರೆ.

ಆದ್ದರಿಂದ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯವರಲ್ಲಿ ಗಡಿಯಾಚೆಯ ಒಬ್ಬ ಕನ್ನಡಿಗನಾಗಿ ಕೇಳಿಕೊಳ್ಳುತ್ತೇನೆ. ಬಳ್ಳಾರಿಗೆ ತಂಡ ವಾಪಸು ಕೊಡುವ ಮೊದಲು ಬಳ್ಳಾರಿಗೆ ಪಂದ್ಯ ಕೊಡಿ. ಮಹಾರಾಜ ಟ್ರೋಫಿಯ ಎರಡು ದಿನದ ಆಟ, ಹೊನಲು ಬೆಳಕಿಲ್ಲದಿದ್ದರೆ ಹಗಲಿನಲ್ಲೇ ಆಗಲಿ. ಯಾವ ತಂಡಗಳಾದರೂ ಸರಿ. ಆಂಧ್ರ ಕ್ರಿಕೆಟ್ ಸಂಸ್ಥೆಯವರಲ್ಲೂ ಒಂದು ಮಾತು: ಹದಿನಾರು ವರ್ಷದೊಳಗಿನವರ ಆಯ್ಕೆಗೆ ಒಂದು ದಿನ ಆದೋನಿಗೆ ಬನ್ನಿ. ಕೋಸಿಗಿಯಿಂದ ರೈಲಿದೆ, ಆಲೂರು, ಹೊಳಗುಂದದಿಂದ ಬಸ್ಸಿದೆ. ಹುಡುಗರು ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿರುತ್ತಾರೆ.